ಮೊದಲನೇ ಚೌಕ

“ಟಿವಿ ಹಾಕು,” ಎಂದಿತು ಒಳಕೋಣೆಯ ಟ್ಯಾಬ್.

“ಹಾಕಿದ್ದೀನಲ್ಲ ರೀ!” ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅಮ್ಮ ಅಲ್ಲಿಂದಲೇ ಕೂಗಿದಳು.

“ಟಿವಿ ಹಾಕು. ಟಿವಿ ಹಾಕು. ಟಿವಿ ಹಾಕು.”

ಅಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಕುಕ್ಕಿ ಎದ್ದಳು. ಚಿಲಿಪಿಲಿ ಆಗಷ್ಟೇ ಶಾಲೆಯಿಂದ ಬಂದಿದ್ದಳು. ಒಂದೇ ಕಾಲಿನ ಶೂ ಬಿಚ್ಚಿದ್ದಳು. ಹಾಗೇ ಕುಂಟುತ್ತ ಅಮ್ಮನ ಹಿಂದೆ ಓಡಿದಳು.

ಮಂಚದ ಮೇಲೆ ಅಪ್ಪ ಎಡಗೈ ಬೆರಳಿನಿಂದ ಟ್ಯಾಬನ್ನು ಕುಟ್ಟುತ್ತಲೇ ಇದ್ದರು. ಮುಖ ಕೆಂಪಗಾಗಿತ್ತು.

“ಚಾನೆಲ್ ಬದಲಾಯಿಸ್ಲಾ? ಸೌಂಡ್ ಜಾಸ್ತಿ ಮಾಡ್ಲಾ?” ಅಮ್ಮ ಸೌಂಡ್ ಏರಿಸಿದಳು. ಅಪ್ಪ ತಲೆ ಕೊಡವಿದರು. “ಇವತ್ತೇನು ಹಟ ರೀ ನಿಮ್ದು? ಬೆಳಗ್ಗಿಂದ ಮಗಳನ್ನ ಕರೆದಿದ್ದೇ ಕರೆದಿದ್ದು. ಸ್ಕೂಲಿಗೆ ಹೋಗಿದ್ದಾಳೆ ಅಂದ್ರೂ ಕೇಳಲಿಲ್ಲ. ಈಗ ಟಿವಿ! ನಂಗೂ ಇರೋದು ಎರಡೇ ಕೈ.”

ಅಪ್ಪ ನನ್ನನ್ನು ಕರೆದರಂತೆ! ಚಿಲಿಪಿಲಿಗೆ ಒಳಗೊಳಗೇ ಹಿಗ್ಗು. ಅಷ್ಟರಲ್ಲಿ ಅದು ಕಣ್ಣಿಗೆ ಬಿತ್ತು.

“ಅಮ್ಮಾ, ಅಪ್ಪನ ಕೈ!”

ಅಪ್ಪ ಬೀಳದಿರಲೆಂದು ಮಂಚದ ಪಕ್ಕದ ಕಂಬಿಯನ್ನು ಅಮ್ಮ ಮೇಲೆತ್ತಿ ಸಿಕ್ಕಿಸಿದ್ದಳು. ಆಗ ಅಪ್ಪನ ಬಲಗೈಯ ಕಿರುಬೆರಳು ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಎಳೆದುಕೊಳ್ಳಲು ಆ ಕೈಯಲ್ಲಿ ಶಕ್ತಿಯಿಲ್ಲ. ನೋವು ಮಾತ್ರ ಚೆನ್ನಾಗಿಯೇ ತಿಳಿಯುತ್ತದೆ. ಬೆರಳು ಊದಿ ನೀಲಿಯಾಗಿತ್ತು.

“ಅಯ್ಯೋ, ನನ್ನ ಕೈ ಸೇದಿಹೋಗ!” ಅಮ್ಮ ಕಂಬಿ ಇಳಿಸಿ, ಬೆರಳಿಗೆ ಊದುತ್ತ ಅಳತೊಡಗಿದಳು. “ನೋವು ಅಂತ ಒತ್ತಬಾರದಿತ್ತಾ? ಟಿವಿ, ಟಿವಿ ಅಂದ್ರೆ ನಂಗೆ ಹೇಗೆ ಗೊತ್ತಾಗ್ಬೇಕು?”

ಚಿಲಿಪಿಲಿ ಟ್ಯಾಬ್ ನೋಡಿದಳು.

ನಾಲ್ಕು ತಿಂಗಳ ಹಿಂದೆ ಅಪ್ಪನಿಗೆ ಸ್ಟ್ರೋಕ್ ಆಗಿತ್ತು. ಬಲಭಾಗದ ಸ್ವಾಧೀನ ತಪ್ಪಿತು, ಮಾತೂ ಹೋಯಿತು. ಕಾಲೇಜಿನಲ್ಲಿ ಕೋಡಿಂಗ್ ಕಲಿಯುವ ಅಕ್ಕ ಅಪ್ಪನಿಗೆಂದೇ ಒಂದು ಆ್ಯಪ್ ಮಾಡಿದಳು. ಮೂರು ಸಾಲು, ಸಾಲಿಗೆ ಮೂರು ಚಿತ್ರದ ಚೌಕ. ಮೇಲೆ ನೀರು, ಊಟ, ಟಿವಿ. ನಡುವೆ ನೋವು, ಫ್ಯಾನ್, ಬಾತ್‌ರೂಮ್. ಕೆಳಗೆ ‘ಸಾಕು’, ಆಮೇಲೆ ಅಮ್ಮನ ಫೋಟೋ. ಒಂಬತ್ತನೆಯದು ಖಾಲಿ. ಚೌಕ ಒತ್ತಿದರೆ ಟ್ಯಾಬ್ ಮಾತಾಡುತ್ತದೆ.

ಅಮ್ಮನ ಫೋಟೋ ಇದೆ, ನನ್ನದೇಕಿಲ್ಲ? ವಟಗುಟ್ಟುವ ಮಗಳಿಗೆ ಚಿಲಿಪಿಲಿ ಎಂದು ಹೆಸರಿಟ್ಟವರೇ ಅಪ್ಪ. ಆ ಹೆಸರು ಕೇಳಿ ನಾಲ್ಕು ತಿಂಗಳಾಗಿತ್ತು. ನಿನ್ನೆ ಸಂಜೆ ಯಾರಿಗೂ ಹೇಳದೆ ಅಕ್ಕನ ಲ್ಯಾಪ್‌ಟಾಪ್ ತೆರೆದು, ತನ್ನ ಫೋಟೋವನ್ನೂ ದನಿಯನ್ನೂ ಸೇರಿಸಿದಳು. ಇವತ್ತು ಬೆಳಗ್ಗೆ ಟ್ಯಾಬ್ ಅವಳದೇ ದನಿಯಲ್ಲಿ ಮೂರು ಸಲ ಕೂಗಿತ್ತು: “ಚಿಲಿಪಿಲೀ, ಬಾ!” ಅವಳು ಓಡಿಹೋಗಿ ಅಪ್ಪನ ಕೆನ್ನೆಗೆ ಮುತ್ತಿಟ್ಟು, ಕುಣಿಯುತ್ತ ಶಾಲೆಗೆ ಹೋಗಿದ್ದಳು. ಕ್ಲಾಸಲ್ಲಿ ಕಂಡಕಂಡವರಿಗೆಲ್ಲ ಹೇಳಿದ್ದಳು.

ಅಕ್ಕ ಬಂದಳು. ಚಿಲಿಪಿಲಿ ಬಾಗಿಲಲ್ಲೇ ನಿಂತಿದ್ದಳು.

“ಅಕ್ಕಾ, ನಾನು ಆ್ಯಪಲ್ಲಿ ಒಂದು ಚೌಕ ಸೇರಿಸಿದೆ.”

“ಎಲ್ಲಿಗೆ ಸೇರಿಸಿದೆ?”

“ಸೊನ್ನೆಗೆ. ಕಂಪ್ಯೂಟರ್ ಸೊನ್ನೆಯಿಂದ ಎಣಿಸುತ್ತಂತೆ, ಮಿಸ್ ಹೇಳಿದ್ರು. ನಾನೇ ಫಸ್ಟ್ ಇರ್ಲಿ ಅಂತ...”

“ಅಯ್ಯೋ ಪೆದ್ದಿ! ಮುಂದೆ ತೂರಿಸಿದ್ರೆ ಮಿಕ್ಕಿದ್ದೆಲ್ಲ ಒಂದೊಂದು ಮನೆ ಹಿಂದಕ್ಕೆ ಜರುಗುತ್ತೆ ಕಣೇ. ನೋವು ಇದ್ದ ಜಾಗದಲ್ಲಿ ಈಗ ಟಿವಿ ಬಂದು ಕೂತಿದೆ.”

“ಚಿತ್ರ ನೋಡಿ ಒತ್ತಬಹುದಿತ್ತಲ್ಲ?”

“ಅಪ್ಪಂಗೆ ಚಿತ್ರ ನೋಡಿದ್ರೆ ಈಗ ಏನೂ ತಿಳಿಯಲ್ಲ. ಜಾಗ ಮಾತ್ರ ಗೊತ್ತು. ಕತ್ತಲಲ್ಲಿ ನಾವು ಸ್ವಿಚ್ ಒತ್ತಲ್ವಾ, ಹಾಗೆ. ಎರಡು ತಿಂಗಳು ಬೆರಳು ಹಿಡ್ಕೊಂಡು ಕಲಿಸಿದ್ದೀನಿ.” ಅಕ್ಕ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ನಾನೇ ಸರಿಮಾಡ್ತೀನಿ,” ಎಂದಳು ಚಿಲಿಪಿಲಿ.

ಅಕ್ಕ ಪಕ್ಕದಲ್ಲಿ ಕೂತು ತೋರಿಸಿದಳು. ಚಿಲಿಪಿಲಿ ಸೊನ್ನೆಯಲ್ಲಿ ಸೇರಿಸಿದ್ದನ್ನು ಅಳಿಸಿ, ತನ್ನ ಫೋಟೋವನ್ನು ಕೊನೆಗೆ, ಖಾಲಿಯಿದ್ದ ಒಂಬತ್ತನೇ ಚೌಕಕ್ಕೆ ಸೇರಿಸಿದಳು.

“ಆ ಜಾಗ ಅಪ್ಪಂಗೆ ಹೊಸದು,” ಎಂದಳು ಅಕ್ಕ. “ಕಲಿಯೋಕೆ ಎಷ್ಟು ದಿನ ಬೇಕೋ. ಕಲೀದೇನೂ ಇರಬಹುದು.”

ಚಿಲಿಪಿಲಿ ಟ್ಯಾಬನ್ನು ಅಪ್ಪನ ಮುಂದಿಟ್ಟು ದೂರ ನಿಂತಳು. ಅಪ್ಪನ ಬೆರಳು ಮೇಲೆದ್ದಿತು. ಮೇಲಿನ ಸಾಲಿನ ಮೊದಲನೇ ಚೌಕದ ಮೇಲೆ ಇಳಿಯಿತು.

“ನೀರು ಕೊಡು.”

ಚಿಲಿಪಿಲಿ ಕದಲಲಿಲ್ಲ. ಬೆಳಗ್ಗೆಯೂ ಬೆರಳು ಅಲ್ಲಿಗೇ ಹೋಗಿತ್ತು. ಮೂರು ಸಲ. ಆಮೇಲೆ ಎಷ್ಟು ಸಲವೋ, ಅಮ್ಮನಿಗೇ ಗೊತ್ತು. ಅಪ್ಪನ ತುಟಿ ಒಣಗಿ ಬಿರಿದಿತ್ತು. ಮುತ್ತಿಡುವಾಗ ಅದನ್ನು ಅವಳು ನೋಡಿಯೇ ಇರಲಿಲ್ಲ.

ಅಪ್ಪ ಇವತ್ತು ಅವಳನ್ನು ಒಂದು ಸಲವೂ ಕರೆದಿರಲಿಲ್ಲ.

ಅವಳು ಹೋಗಿ ಲೋಟದ ತುಂಬ ನೀರು ತಂದು, ಅಪ್ಪನ ತಲೆ ಎತ್ತಿ ಹಿಡಿದು, ಚೂರುಚೂರೇ ಕುಡಿಸಿದಳು. ಅರ್ಧ ನೀರು ಗಲ್ಲಕ್ಕೆ ಹರಿಯಿತು. ಲಂಗದ ಅಂಚಿನಿಂದ ಒರೆಸಿದಳು.

“ಇನ್ನೊಂದು ಲೋಟ ತರ್ಲಾ ಅಪ್ಪಾ?”

ಅಪ್ಪನ ಬೆರಳು ಮತ್ತೆ ಮೊದಲನೇ ಚೌಕಕ್ಕೆ ಹೋಯಿತು. ಅವಳು ಲೋಟ ಹಿಡಿದು ಅಡುಗೆಮನೆಗೆ ಓಡಿದಳು.