ಐದನೇ ಮೆಟ್ಟಿಲಿನ ಡಬ್ಬಿ

"ಅಲ್ಲಿ ಬಗ್ಗಿ ಏನು ಹುಡುಕ್ತಿದ್ದೀಯಮ್ಮ? ಏನಾದ್ರೂ ಬೀಳಿಸ್ಕೊಂಡ್ಯಾ?"

ಮೇಲುಸೇತುವೆಯ ಕಬ್ಬಿಣದ ಮೆಟ್ಟಿಲ ಕೆಳಗೆ ಕುಕ್ಕರುಗಾಲಲ್ಲಿ ಕೂತಿದ್ದ, ಎಲ್ಲರೂ ಕಡ್ಡಿ ಎಂದು ಕರೆಯುವ ಸಣಕಲು ಹುಡುಗಿ ಬೆಚ್ಚಿಬಿದ್ದಳು. ರಸ್ತೆ ಗುಡಿಸುವ ಹೆಂಗಸು ಪೊರಕೆ ಹಿಡಿದು ಅವಳನ್ನೇ ನೋಡುತ್ತಿದ್ದಳು.

"ಏನಿಲ್ಲ ಆಂಟಿ. ಶೂ ಲೇಸ್ ಕಟ್ಕೋತಿದ್ದೆ."

ಅವಳ ಕಾಲಲ್ಲಿದ್ದದ್ದು ಚಪ್ಪಲಿ. ಹೆಂಗಸು ಅದನ್ನು ನೋಡಿ, ಗುಡಿಸಿಕೊಂಡು ಮುಂದೆ ಹೋದಳು.

ಕಡ್ಡಿ ಮತ್ತೆ ಐದನೇ ಮೆಟ್ಟಿಲ ಅಡಿಗೆ ಕೈ ಹಾಕಿ ಹಳೆಯ ಡಬ್ಬಿಯನ್ನು ಎಳೆದು ತೆಗೆದಳು. ಮುಚ್ಚಳ ಸೀಳಿಹೋಗಿತ್ತು. ಒಳಗಿದ್ದ ಪುಟ್ಟ ಪುಸ್ತಕ ನೀರು ಕುಡಿದು ಬನ್ನಿನ ಹಾಗೆ ಊದಿಕೊಂಡಿತ್ತು. ಎರಡನ್ನೂ ಚೀಲಕ್ಕೆ ಹಾಕಿಕೊಂಡು, ತನ್ನ ಚಿಕ್ಕ ಟಿಫನ್ ಡಬ್ಬಿಯನ್ನು ಅದೇ ಸಂದಿಗೆ ತಳ್ಳಿದಳು. ಡಬ್ಬಿಯೊಳಗೆ ಹೊಸ ಪುಸ್ತಕ, ಒಂದು ಪೆನ್ಸಿಲ್ ಇದ್ದವು.

ಹಳೆಯ ಡಬ್ಬಿ ಇಟ್ಟವರು ಅವಳ ಅಪ್ಪ. ಅಪ್ಪ ಲಿಫ್ಟ್ ರಿಪೇರಿ ಮೆಕ್ಯಾನಿಕ್. ಬಿಡುವಿದ್ದಾಗ ಅವರಿಗೆ ಜಿಯೋಕ್ಯಾಶಿಂಗ್ ಹುಚ್ಚು. ಯಾರೋ ಎಲ್ಲೋ ಡಬ್ಬಿ ಬಚ್ಚಿಟ್ಟು ಅದರ ಜಾಗವನ್ನು ಫೋನಿನ ಮ್ಯಾಪಿನಲ್ಲಿ ಹಾಕುತ್ತಾರೆ. ಇನ್ಯಾರೋ ಹುಡುಕಿಕೊಂಡು ಬಂದು, ಒಳಗಿರುವ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಹೋಗುತ್ತಾರೆ. ಅಷ್ಟೇ ಆಟ. ಆದರೆ ಅದಕ್ಕಾಗಿ ಕಡ್ಡಿ ಮತ್ತು ಅಪ್ಪ ಇಡೀ ಊರನ್ನೇ ಜಾಲಾಡಿದ್ದರು. ಆಟದಲ್ಲಿ ಅಪ್ಪನ ಹೆಸರು 'ಮೇಲೆಕೆಳಗೆ'.

ಎಂಟು ತಿಂಗಳ ಹಿಂದೆ ಅಪ್ಪ ಮನೆ ಬಿಟ್ಟು ಬೇರೆ ಊರಿಗೆ ಹೋದರು. ಅಮ್ಮನೂ ಅಪ್ಪನೂ ಇನ್ನು ಒಟ್ಟಿಗೆ ಇರುವುದಿಲ್ಲವಂತೆ. ಅದಕ್ಕಿಂತ ಹೆಚ್ಚಿಗೆ ಕಡ್ಡಿಗೆ ಯಾರೂ ಹೇಳಲಿಲ್ಲ. ಫೋನ್ ಮಾಡಿದಾಗಲೆಲ್ಲ ಅಪ್ಪ, "ಮುಂದಿನ ಭಾನುವಾರ ಬರ್ತೀನಿ" ಎನ್ನುತ್ತಿದ್ದರು. ಭಾನುವಾರಗಳು ಬರುತ್ತಿದ್ದವು.

ಅಪ್ಪ ಬಿಟ್ಟುಹೋದ ಹಳೆಯ ಫೋನ್, ಪರದೆ ಬಿರುಕು ಬಿಟ್ಟದ್ದು, ಈಗ ಕಡ್ಡಿಯ ಗೇಮ್ಸ್ ಫೋನ್ ಆಗಿತ್ತು. ಆಟದ ಆ್ಯಪ್ ಅದರಲ್ಲಿ ಇನ್ನೂ ಅಪ್ಪನ ಹೆಸರಲ್ಲೇ ತೆರೆದುಕೊಳ್ಳುತ್ತಿತ್ತು. ಹೋದ ತಿಂಗಳು ಅದರಲ್ಲಿ ನೋಟಿಸ್ ಬಂತು. 'ಡಬ್ಬಿ ಒಡೆದಿದೆ. ಮಾಲೀಕರು ಒಂದು ತಿಂಗಳೊಳಗೆ ಸರಿಪಡಿಸದಿದ್ದರೆ ಮ್ಯಾಪಿನಿಂದ ತೆಗೆಯಲಾಗುವುದು.'

ಇದಕ್ಕಾದರೂ ಅಪ್ಪ ಬಂದೇ ಬರುತ್ತಾರೆ ಎಂದುಕೊಂಡು ಅವಳು ದಿನ ಎಣಿಸಿದಳು. ಮೂವತ್ತರಲ್ಲಿ ಇಪ್ಪತ್ತೆಂಟು ದಿನ ಕಳೆದವು. ಅದಕ್ಕೇ ಇವತ್ತು ತಾನೇ ಬಂದಿದ್ದಳು.

ಮನೆಗೆ ಬಂದವಳೇ ಹಳೆಯ ಫೋನ್ ತೆಗೆದು ಅಪ್ಪನ ಹೆಸರಲ್ಲೇ ಬರೆದಳು: 'ಊರಿಗೆ ಬಂದಿದ್ದೆ. ಹೊಸ ಡಬ್ಬಿ ಇಟ್ಟಿದ್ದೇನೆ. ಹುಡುಕಿ.'

ಅರ್ಧ ಗಂಟೆಯಲ್ಲಿ ನೋಟಿಸ್ ಮಾಯವಾಯಿತು. ಪರದೆಯ ಮೇಲೆ 'ಮಾಲೀಕರು ಸರಿಪಡಿಸಿದ್ದಾರೆ' ಎಂದಿತ್ತು. ಕಡ್ಡಿ ಅದನ್ನು ನಾಲ್ಕು ಸಲ ಓದಿದಳು. ಓದುತ್ತಾ ಓದುತ್ತಾ, ಅಪ್ಪ ನಿಜವಾಗಿಯೂ ಬಂದು ಹೋದರೇನೋ ಅನ್ನಿಸಿತು.

ಅಮ್ಮನಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು. ಸ್ಕೂಲು ಬಿಟ್ಟ ಮೇಲೆ ಕಡ್ಡಿ ಅಲ್ಲೇ ಮೂಲೆಯ ಸ್ಟೂಲಿನ ಮೇಲೆ ಕೂತು ಹೋಮ್‌ವರ್ಕ್ ಮಾಡುತ್ತಿದ್ದಳು. ಮೂರು ದಿನ ಕಳೆದ ಮೇಲೆ ಒಂದು ಸಂಜೆ ಪೋಸ್ಟ್ ತಾತ ಅಂಗಡಿಗೆ ಬಂದರು. ಪೋಸ್ಟ್‌ಮ್ಯಾನ್ ಆಗಿದ್ದು ರಿಟೈರ್ ಆದವರು, ಊರಿನ ಡಬ್ಬಿ ಹುಡುಕುವವರ ಗುಂಪಿಗೆ ಹಿರಿಯರು.

"ನಿಮ್ಮನೆಯವರು ಬಂದಿದ್ರಂತಲ್ಲಮ್ಮ," ಎಂದರು ತಾತ, ಕನ್ನಡಕ ಬಿಚ್ಚಿ ಕೊಡುತ್ತಾ. "ಡಬ್ಬಿ ಸರಿಮಾಡಿ ಹಂಗೇ ಹೋಗ್ಬಿಟ್ಟಿದ್ದಾರೆ. ನಮಗೂ ಒಂದು ಮಾತು ಹೇಳ್ಲಿಲ್ಲ ನೋಡಿ."

ಅಮ್ಮನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನಿಂತುಬಿಟ್ಟಿತು.

"ಹೌದಾ," ಎಂದಳು ಅಮ್ಮ ಮೆಲ್ಲಗೆ. ಆಮೇಲೆ ಮೂಲೆಯತ್ತ ತಿರುಗಿದಳು. ಕಡ್ಡಿ ಪುಸ್ತಕದೊಳಗೆ ಮುಖ ಹುದುಗಿಸಿಕೊಂಡಳು.

ಮನೆ ಸೇರಿದ ಮೇಲೆ ಅಮ್ಮ ಅನ್ನಕ್ಕಿಟ್ಟು, ಬಾಲ್ಕನಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಅದು ಪೂರ್ತಿ ಮುಚ್ಚುವ ಬಾಗಿಲಲ್ಲ; ಅಪ್ಪನ ಜೊತೆ ಫೋನಿನಲ್ಲಿ ಆಡುವ ಮಾತು ಒಳಗೆ ಕೇಳಿಸುತ್ತಿತ್ತು.

"ಮೆಟ್ಟಿಲಿಂದ ಮನೆಗೆ ಹತ್ತು ನಿಮಿಷದ ದಾರಿ. ಡಬ್ಬಿ ನೋಡೋಕೆ ಬಂದ್ರಿ, ಮಗೂನ ನೋಡ್ಬೇಕು ಅನ್ನಿಸ್ಲಿಲ್ವಾ? ನನ್ನ ಜೊತೆ ಮಾತಾಡೋದು ಬೇಡ ಬಿಡಿ. ಅವಳೇನು ಮಾಡಿದ್ಲು ನಿಮಗೆ? ... ಸುಳ್ಳು ಹೇಳ್ಬೇಡಿ. ಊರೆಲ್ಲ ಹೇಳ್ತಿದೆ. ... ಇಲ್ಲ, ಅವಳಿಗೆ ಹೇಳಿಲ್ಲ. ಯಾವ ಬಾಯಲ್ಲಿ ಹೇಳ್ಲಿ?"

ಅಮ್ಮನ ದನಿ ಜೋರಿರಲಿಲ್ಲ. ಜೋರಿದ್ದಿದ್ದರೆ ಕಡ್ಡಿ ಕಿವಿ ಮುಚ್ಚಿಕೊಂಡು ಕೂತಿರುತ್ತಿದ್ದಳೇನೋ. ಅದು ಒದ್ದೆ ದನಿ. ಅವಳು ಎದ್ದು ಹೋಗಿ ಬಾಗಿಲು ತಳ್ಳಿದಳು.

"ಅಪ್ಪ ಬಂದಿಲ್ಲಮ್ಮ. ನಾನೇ ಇಟ್ಟಿದ್ದು. ನಾನೇ ಬರೆದಿದ್ದು."

ಅಮ್ಮ ಅವಳನ್ನೇ ನೋಡುತ್ತಾ ನಿಂತಳು. ಬಯ್ಯುತ್ತಾಳೆ ಎಂದು ಕಡ್ಡಿ ಕಾದಳು. ಅಮ್ಮ ಬಯ್ಯಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು, ಫೋನನ್ನು ಅವಳ ಕೈಗೆ ಕೊಟ್ಟು, ಅನ್ನ ನೋಡಲು ಒಳಗೆ ಹೋದಳು.

"ಅಪ್ಪಾ."

"ಯಾಕೆ ಹಂಗೆ ಬರೆದೆ ಪುಟ್ಟಾ?"

"ಡಬ್ಬಿ ತೆಗೆದುಬಿಡ್ತಿದ್ರು. ಒಂದು ತಿಂಗಳಿಂದ ನೋಟಿಸ್ ಇತ್ತಲ್ಲಪ್ಪ. ನಿನಗೆ ಬರ್ಲಿಲ್ವಾ?"

"ಆ ಆ್ಯಪ್ ಈಗ ನನ್ನ ಫೋನಲ್ಲಿಲ್ಲ. ತೆಗೆದು ತುಂಬಾ ದಿನ ಆಯ್ತು."

"ಯಾಕೆ?"

"ಕೆಲಸ ಜಾಸ್ತಿ ಕಣಮ್ಮ. ಟೈಮೇ ಆಗಲ್ಲ." ಅಪ್ಪ ಕೆಮ್ಮಿದರು. "ಆ ಡಬ್ಬೀನ ಯಾರಿಗಾದ್ರೂ ಕೊಟ್ಟುಬಿಡು. ಅಷ್ಟು ಆಸೆ ಇಟ್ಕೊಂಡಿದ್ದೀಯ ಅಂತ ನನಗೆ ಗೊತ್ತಿರ್ಲಿಲ್ಲ."

ಕಡ್ಡಿ ಹೂಂಗುಟ್ಟಿದಳು. ಇಪ್ಪತ್ತೆಂಟು ದಿನ ತಾನು ಎಣಿಸಿದ್ದನ್ನು ಹೇಳಬೇಕೆಂದಿದ್ದಳು. ಅದರ ಬದಲು ಫೋನನ್ನು ಒಯ್ದು ಅಮ್ಮನಿಗೆ ಕೊಟ್ಟಳು.

ಭಾನುವಾರ ಗುಂಪಿನವರು ಪಾರ್ಕಿನಲ್ಲಿ ಸೇರಿದರು. ಮೋಡ ಮುಚ್ಚಿದ ಬೆಳಗ್ಗೆ. ಕಲ್ಲುಬೆಂಚಿನ ಮೇಲೆ ಪೋಸ್ಟ್ ತಾತ, ಮೆಡಿಕಲ್ ಶಾಪ್ ಆಂಟಿ, ಇಬ್ಬರು ಕಾಲೇಜು ಹುಡುಗಿಯರು. ಅಮ್ಮ ತರಕಾರಿ ಚೀಲ ಹಿಡಿದು ಗೇಟಿನ ಹತ್ತಿರವೇ ನಿಂತಳು.

ಕಡ್ಡಿ ನೆಲ ನೋಡುತ್ತಾ ಎಲ್ಲವನ್ನೂ ಹೇಳಿದಳು. ಯಾರೂ ನಗಲಿಲ್ಲ.

"ಇನ್ನೊಬ್ಬರ ಹೆಸರಲ್ಲಿ ಬರೀಬಾರ್ದಮ್ಮ," ಎಂದರು ತಾತ. "ಈ ಆಟ ನಡೆಯೋದೇ ನಂಬಿಕೆ ಮೇಲೆ. ಅವರು ಬಂದಿದ್ರು ಅಂತ ನಾನು ಎಲ್ಲರಿಗೂ ಹೇಳ್ಕೊಂಡು ಬಂದೆ."

"ಗೊತ್ತು ತಾತ. ತಪ್ಪಾಯ್ತು."

ಮೆಡಿಕಲ್ ಶಾಪ್ ಆಂಟಿ ಕಡ್ಡಿಯ ಕೂದಲಲ್ಲಿ ಸಿಕ್ಕಿದ್ದ ಒಣಗಿದ ಎಲೆಯನ್ನು ತೆಗೆದುಹಾಕಿದರು.

"ಡಬ್ಬಿ ನಿಮಗೆ ಬೇಕಾ ತಾತ?" ಎಂದು ಕೇಳಿದಳು ಕಡ್ಡಿ.

"ನೀನೇ ಇಟ್ಕೋಬಹುದಲ್ಲ."

ಅವಳು ಬೇಡವೆಂದು ತಲೆಯಾಡಿಸಿದಳು. "ನನ್ನ ಹತ್ತಿರ ಇದ್ರೆ ನಾನು ದಿನಾ ನೋಡೋಕೆ ಹೋಗ್ತೀನಿ."

ತಾತ ತಮ್ಮ ಆಟದ ಹೆಸರನ್ನು ಹೇಳಿದರು. ಕಡ್ಡಿ ಹಳೆಯ ಫೋನಿನಲ್ಲಿ 'ಹೊಸ ಮಾಲೀಕರು' ಎಂದಿದ್ದ ಕಡೆ ಅದನ್ನು ಒಂದೊಂದೇ ಅಕ್ಷರವಾಗಿ ಒತ್ತಿದಳು. 'ಖಚಿತವೇ?' ಎಂದು ಫೋನ್ ಕೇಳಿತು. ಅವಳ ಬೆರಳು ಬಿರುಕಿನ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಒತ್ತಿತು. ತಾತ ತಮ್ಮ ಫೋನಿನಲ್ಲಿ ಒಪ್ಪಿಕೊಂಡರು. 'ಮೇಲೆಕೆಳಗೆ' ಇದ್ದ ಜಾಗದಲ್ಲಿ ತಾತನ ಹೆಸರು ಬಂದು ಕೂತಿತು. ಎಷ್ಟು ಬೇಗ ಆಗಿಹೋಯಿತು ಎಂದು ಅವಳಿಗೆ ಆಶ್ಚರ್ಯವಾಯಿತು.

"ನಾವೀಗ ಕೆರೆ ಕಡೆ ಒಂದು ಡಬ್ಬಿ ಹುಡುಕೋಕೆ ಹೋಗ್ತಿದ್ದೀವಿ, ಬರ್ತೀಯಾ?" ಎಂದಳು ಒಬ್ಬಳು ಕಾಲೇಜು ಹುಡುಗಿ.

"ಇವತ್ತು ಬೇಡ ಅಕ್ಕ. ಅಮ್ಮ ಕಾಯ್ತಿದ್ದಾಳೆ."

ಮಾರ್ಕೆಟಿನಲ್ಲಿ ಚೀಲ ತುಂಬಿತು. ಮನೆ ಕಡೆ ಹೊರಟಾಗ ಕಡ್ಡಿ ಚೀಲದ ಒಂದು ಹಿಡಿಕೆ ತಾನೂ ಹಿಡಿದುಕೊಂಡಳು. ಇಬ್ಬರ ಎತ್ತರ ಒಂದೇ ಅಲ್ಲದ್ದರಿಂದ ಭಾರವೆಲ್ಲ ಕಡ್ಡಿಯ ಕಡೆಗೇ ವಾಲುತ್ತಿತ್ತು.

"ಅಮ್ಮಾ, ಅಪ್ಪ ಬರ್ತಾರಾ?"

ಇಷ್ಟು ದಿನ ಈ ಮಾತು ಬಂದರೆ ಅಮ್ಮ, "ಬರ್ತಾರೆ, ಕೆಲಸ ಮುಗೀಲಿ" ಎಂದೋ, "ಹೋಮ್‌ವರ್ಕ್ ಆಯ್ತಾ?" ಎಂದೋ ಹೇಳುತ್ತಿದ್ದಳು. ಇವತ್ತು ಎರಡನ್ನೂ ಹೇಳಲಿಲ್ಲ.

"ಗೊತ್ತಿಲ್ಲ ಕಂದಾ," ಎಂದಳು.

ಅದು ನಿಜವಾದ ಮಾತು ಎಂದು ಕಡ್ಡಿಗೆ ಗೊತ್ತಾಯಿತು. ಅಮ್ಮನಿಗೂ ಗೊತ್ತಿಲ್ಲ, ತನಗೂ ಗೊತ್ತಿಲ್ಲ. ಅಮ್ಮ ತೋಳನ್ನು ಸ್ವಲ್ಪ ಕೆಳಗೆ ಇಳಿಸಿದಳು, ಚೀಲ ಸಮನಾಯಿತು. ಇಬ್ಬರೂ ಹೆಜ್ಜೆ ಸರಿಮಾಡಿಕೊಂಡು ನಡೆದರು.