ಮೊಹರಿಗೆ ಹಸಿರು ದಾರ

ಗುರುವಾರ ಬೆಳಿಗ್ಗೆ ಹತ್ತೂಕಾಲಿಗೆ ಆಸ್ಪತ್ರೆಯ ಕಣ್ಣಿನ ಡಾಕ್ಟರಮ್ಮ ಸ್ಟೇಷನ್ನಿಗೆ ಬಂದು ದೂರು ಕೊಟ್ಟರು. ಬೀರು ತೆಗೆದಿದ್ದಾರೆ ಅಂತ ದೂರು, ಆದ್ರೆ ಏನೂ ಕಳುವಾಗಿರಲಿಲ್ಲ.

"ಏನು ಹೋಗಿದೆ ಮೇಡಂ?" ಇನ್‌ಸ್ಪೆಕ್ಟರ್ ಕೇಳಿದ್ರು.

"ಏನೂ ಹೋಗಿಲ್ಲ. ದಾರ ಬದಲಾಗಿದೆ."

ಪಕ್ಕದಲ್ಲಿ ಬರ್ಕೊಳ್ತಿದ್ದ ದಫೇದಾರ ಪೆನ್ನು ಎತ್ತಿದ. "ದಾರ ಅಂದ್ರೆ... ಈ ಹೊಲಿಯೋದು ಕಟ್ಟೋದು, ಆ ದಾರಾನೇನಾ ಮೇಡಂ?"

"ಹೂಂ, ಅದೇ. ಕೆಂಪಿತ್ತು, ಈಗ ಹಸಿರಾಗಿದೆ."

ವಿಷಯ ಇಷ್ಟು. ಆಸ್ಪತ್ರೆಗೆ ಅಂಟಿಕೊಂಡೇ ಒಂದು ಪ್ಯಾರಾಮೆಡಿಕಲ್ ಕಾಲೇಜಿದೆ. ಅಲ್ಲಿ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಓದ್ತಿದ್ದ ಒಬ್ಬ ಹುಡುಗನಿಗೆ ಕೆಂಪು ಹಸಿರು ಸರಿಯಾಗಿ ಕಾಣಲ್ಲ ಅಂತ ಕೊನೇ ವರ್ಷದಲ್ಲಿ ಗೊತ್ತಾಯ್ತು. ಈ ಕೋರ್ಸಿಗೆ ನೀನು ಅರ್ಹನೇ ಅಲ್ಲ ಅಂತ ಕಾಲೇಜು ಹೆಸರು ತೆಗೆದು ಹಾಕ್ತು. ಸೇರಿಸ್ಕೊಳ್ಳೋವಾಗ ಯಾರೂ ನನ್ನ ಕಣ್ಣು ನೋಡ್ಲಿಲ್ಲ, ಪ್ರಾಸ್ಪೆಕ್ಟಸ್ಸಲ್ಲೂ ಈ ಷರತ್ತು ಇರ್ಲಿಲ್ಲ ಅಂತ ಹುಡುಗ ಕೋರ್ಟಿಗೆ ಹೋದ. ತೀರ್ಪಾಗೋವರೆಗೂ ಕ್ಲಾಸಿಗೆ ಬರಲಿ, ಗುರುವಾರ ಮೂರು ಜನ ಡಾಕ್ಟರ ಮುಂದೆ ಇನ್ನೊಂದ್ಸಲ ಬಣ್ಣದ ಪರೀಕ್ಷೆ ಆಗಲಿ, ಅದನ್ನ ನೋಡಿ ಫೈನಲ್ ಪರೀಕ್ಷೆಗೆ ಕೂರಿಸೋದೋ ಬಿಡೋದೋ ಹೇಳ್ತೀವಿ ಅಂತು ಕೋರ್ಟು.

ಪರೀಕ್ಷೆ ಅಂದ್ರೆ ಒಂದು ಪುಸ್ತಕ. ಪುಟದ ತುಂಬಾ ಬಣ್ಣದ ಚುಕ್ಕಿ, ಚುಕ್ಕಿಗಳ ನಡುವೆ ಒಂದು ಅಂಕಿ. ಕಂಡವರಿಗೆ ಕಾಣತ್ತೆ, ಕಾಣದವರಿಗೆ ಬರೀ ಚುಕ್ಕಿ. ಮಾಮೂಲಿ ಪುಸ್ತಕದ ಅಂಕಿಗಳೆಲ್ಲ ಇಂಟರ್ನೆಟ್ಟಲ್ಲೇ ಸಿಗ್ತಾವೆ ಅಂತ, ಇಲ್ಲಿ ಯಾರೂ ನೋಡಿರದ ಬೇರೆ ಪುಸ್ತಕ ತರಿಸಿದ್ರು. ಸೋಮವಾರ ಎರಡೂ ಕಡೆ ವಕೀಲರ ಮುಂದೆ ಅದನ್ನ ಬಟ್ಟೇಲಿ ಸುತ್ತಿ, ಕೆಂಪು ದಾರ ಕಟ್ಟಿ, ಗಂಟಿನ ಮೇಲೆ ಅರಗಿನ ಮೊಹರು ಒತ್ತಿ ಡಾಕ್ಟರಮ್ಮನ ಬೀರುವಿನಲ್ಲಿಟ್ಟಿದ್ರು. ಗುರುವಾರ ತೆಗೆದ್ರೆ ದಾರ ಹಸಿರು.

ಹನ್ನೊಂದೂವರೆಗೆ ಇನ್‌ಸ್ಪೆಕ್ಟರ್ ಇಬ್ಬರು ಪಂಚರನ್ನ ಕರ್ಕೊಂಡು ಕಣ್ಣಿನ ವಿಭಾಗಕ್ಕೆ ಹೋಗಿ ಪಂಚನಾಮೆ ಮಾಡಿದ್ರು. ಬೀಗಕ್ಕೆ ಪೆಟ್ಟಿಲ್ಲ. ಬೀರುವಿನ ಕೀ ಬಾಗಿಲ ಹಿಂದೆ ಮೊಳೇಲಿ ನೇತಾಡ್ತಿತ್ತು. ಬೆರಳಚ್ಚು ತೆಗೆಯೋಕೆ ಬಂದವನು, ಅರ್ಧ ಆಸ್ಪತ್ರೆ ಬೆರಳು ಸಿಕ್ತು ಸಾರ್ ಅಂತ ಹೇಳಿ ಹೋದ. ಮೊಹರು ಮಾತ್ರ ನೋಡೋ ಹಾಗಿತ್ತು. ತೆಳ್ಳಗಿನ ಬ್ಲೇಡು ಬಿಸಿ ಮಾಡಿ ಅರಗಿನ ಅಡಿಗೆ ತೂರಿಸಿ ಇಡೀ ಬಿಲ್ಲೆಯನ್ನ ಎತ್ತಿದ್ದಾರೆ, ಆಮೇಲೆ ಹೊಸ ಗಂಟಿನ ಮೇಲೆ ಅದನ್ನೇ ಕೂರಿಸಿದ್ದಾರೆ. ಒಂದು ಬಿರುಕಿಲ್ಲ.

"ಬಟ್ಟೆ ನಾವು ಹಿಂಗೆ ಮಡಚಿರ್ಲಿಲ್ಲ," ಅಂದ್ರು ಡಾಕ್ಟರಮ್ಮ. "ನಾವು ಹೆಂಗೆಂಗೋ ಸುತ್ತಿದ್ವಿ. ಇದು ಇಸ್ತ್ರಿ ಮಾಡಿದ ಹಾಗಿದೆ."

ಇನ್‌ಸ್ಪೆಕ್ಟರ್ ಸುಮಾರು ಹೊತ್ತು ಗಂಟು ನೋಡ್ತಾ ನಿಂತರು. "ಇಷ್ಟು ನಾಜೂಕು ಕೈ. ಬಣ್ಣದ ಹತ್ರ ಬಂದು ಯಾಕೆ ಎಡವಿತು?"

"ಇದರಲ್ಲೇನಿದೆ ಸಾರ್," ಅಂದ ದಫೇದಾರ. "ಕೆಂಪೂ ಹಸಿರೂ ಒಂದೇ ಥರ ಕಾಣೋ ಹುಡುಗ ಇಲ್ಲೇ ಇದಾನಲ್ಲ. ಊಟಕ್ಕೆ ಮುಂಚೆ ಕೇಸು ಮುಗೀತು."

ಕಾಲೇಜಿನ ವಕೀಲರೂ ಹಾಗೇ ಅಂದ್ಕೊಂಡಿದ್ರು. ಎಫ್‌ಐಆರ್ ಪ್ರತಿ ಕೈಗೆ ಬಿದ್ದಿದ್ದೇ ತಡ, ಅರ್ಜಿದಾರನೇ ಸಾಕ್ಷ್ಯ ಕೆಡಿಸಿದಾನೆ, ಅವನ ಅರ್ಜಿ ವಜಾ ಮಾಡಿ ಅಂತ ಕೋರ್ಟಿಗೆ ಹಾಕೇಬಿಟ್ಟರು. ವಿಚಾರಣೆ ಸೋಮವಾರ. ಅಷ್ಟರೊಳಗೆ ಪೊಲೀಸರು ಬೇರೆ ಹೆಸರು ಹೇಳ್ದಿದ್ರೆ ಹುಡುಗನ ಓದು ಅಲ್ಲಿಗೆ ಮುಗೀತು.

ಹುಡುಗ ಲ್ಯಾಬಿನಲ್ಲಿದ್ದ. ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದು ಎದ್ದು ನಿಂತ.

"ಬೀರುವಿನ ಕೀ ಎಲ್ಲಿರತ್ತೆ ಗೊತ್ತಾ?"

"ಬಾಗಿಲ ಹಿಂದೆ. ಎಲ್ರಿಗೂ ಗೊತ್ತು ಸಾರ್."

"ಸೋಮವಾರದಿಂದ ಎಲ್ಲಿದ್ದೆ?"

"ಇಲ್ಲೇ. ಈ ಕೇಸಾದ್ಮೇಲೆ ನಾನು ಬಾತ್‌ರೂಮಿಗೆ ಹೋದ್ರೂ ಲ್ಯಾಬ್ ಮೇಡಂ ಜೊತೆಗೆ ಒಬ್ಬರನ್ನ ಕಳಿಸ್ತಾರೆ. ಸಂಜೆ ಗೇಟಿನವರೆಗೂ ಬಿಟ್ಟು ಬರ್ತಾರೆ. ಮದುಮಗನಿಗೂ ಇಷ್ಟು ಮರ್ಯಾದೆ ಇರಲ್ಲ."

ದಫೇದಾರನಿಗೆ ನಗು ಬಂತು, ಇನ್‌ಸ್ಪೆಕ್ಟರ್ ಮುಖ ನೋಡಿ ನುಂಗ್ಕೊಂಡ.

"ಬಣ್ಣ ಕಾಣ್ದೆ ಕೆಲಸ ಹೆಂಗೆ ಮಾಡ್ತೀಯ?"

"ಕಾಣಲ್ಲ ಅಂತಲ್ಲ ಸಾರ್, ಬೇರೆ ಥರ ಕಾಣತ್ತೆ. ಸ್ಲೈಡಲ್ಲಿ ಆಕಾರ ನೋಡ್ತೀನಿ. ಟ್ಯೂಬಿನ ಮುಚ್ಚಳ ನಂಬಲ್ಲ, ಮೇಲಿನ ಚೀಟಿ ಓದ್ತೀನಿ. ಇವತ್ತಿನವರೆಗೂ ನನ್ನ ಒಂದು ರಿಪೋರ್ಟೂ ತಪ್ಪಿಲ್ಲ."

"ಆ ಪುಸ್ತಕ ಸಿಕ್ಕಿದ್ರೆ ನೋಡ್ತಿದ್ದೆಯಾ?"

ಹುಡುಗ ಮೈಕ್ರೋಸ್ಕೋಪಿನ ದೀಪ ಆರಿಸಿದ. "ಸಿಗ್ಲಿಲ್ಲ ಸಾರ್."

ಲ್ಯಾಬಿನ ಕ್ಯಾಮೆರಾ ನೋಡಿದ್ರು, ಹುಡುಗ ಹೇಳಿದ್ದು ನಿಜ, ರಾತ್ರಿ ಕಣ್ಣಿನ ವಿಭಾಗಕ್ಕೆ ಬೀಗ. ದಫೇದಾರನ ಕೇಸು ಊಟಕ್ಕೆ ಮುಂಚೆ ಬಿದ್ದು ಹೋಯ್ತು.

ಮಧ್ಯಾಹ್ನ ಇನ್‌ಸ್ಪೆಕ್ಟರ್ ಡಾಕ್ಟರಮ್ಮನಿಗೆ ಫೋನ್ ಮಾಡಿದ್ರು. "ಮೇಡಂ, ಹುಡುಗನಿಗಿರೋದು ಹುಟ್ಟಿನಿಂದಾನೇ ಅಲ್ವಾ? ಮನೇಲಿ ಇನ್ಯಾರಿಗೆ ಇರಬಹುದು?"

"ಇದು ಸಾಮಾನ್ಯವಾಗಿ ತಾಯಿ ಕಡೆಯಿಂದ ಬರತ್ತೆ. ತಾಯಿಗೆ ಏನೂ ತೊಂದ್ರೆ ಇರಲ್ಲ. ಆಕೆಯ ತಂದೆಗಿರಬಹುದು, ಅಣ್ಣತಮ್ಮಂದಿರಿಗಿರಬಹುದು."

ಸಂಜೆ ನಾಲ್ಕಕ್ಕೆ ಹುಡುಗನ ಮನೆ. ತಾಯಿ ಬಾಗಿಲಲ್ಲೇ ಶುರು ಮಾಡಿದ್ರು. "ನನ್ನ ಮಗನ ಕಣ್ಣಿಗೇನಾಗಿದೆ ಸಾರ್? ಸೂಜಿಗೆ ದಾರ ಪೋಣಿಸ್ಕೊಡೋನು ಅವನೇ. ಅವನ ಕಣ್ಣಿಗೆ ಹೆಸರಿಟ್ಟು ಇಟ್ಟು ನನ್ನ ನಿದ್ದೆ ಕೆಡಿಸಿದಾರೆ."

"ನಿಮಗೆ ಅಣ್ಣತಮ್ಮಂದಿರು ಇದಾರಾ ಅಮ್ಮ?"

"ಒಬ್ಬನೇ ತಮ್ಮ. ಅಪ್ಪ ಇಲ್ಲದ ಮನೆ ಇದು, ಮಗನಿಗೆ ಅಪ್ಪನೂ ಅವನೇ, ಮಾವನೂ ಅವನೇ. ಆಸ್ಪತ್ರೆ ಎದುರು ರಸ್ತೇಲಿ ಟೈಲರ್. ಡಾಕ್ಟರ ಕೋಟೆಲ್ಲ ಅವನದ್ದೇ ಹೊಲಿಗೆ."

"ಬೇರೆ ಬಟ್ಟೆ ಹೊಲಿಯಲ್ವಾ?"

"ಹೊಲಿಯೋನಾ? ಒಡಹುಟ್ಟಿದ ಅಕ್ಕ, ಒಂದು ಬಣ್ಣದ ಕರ್ಟನ್ ಹೊಲ್ಕೊಡೋ ಅಂದ್ರೆ ಪಕ್ಕದಂಗಡಿಗೆ ಕಳಿಸ್ತಾನೆ ಸಾರ್! ಬರೀ ಬಿಳಿ. ಎಲ್ರೂ ಬಿಳಿ ಟೈಲರ್ ಅಂತಾನೇ ಕರೆಯೋದು. ಏನು ಜಂಬವೋ." ನಗ್ತಾ ನಗ್ತಾನೇ ಇನ್‌ಸ್ಪೆಕ್ಟರ ಮುಖ ನೋಡಿದ್ರು. "ಯಾಕೆ ಕೇಳ್ತಿದೀರಾ?"

ಇನ್‌ಸ್ಪೆಕ್ಟರ್ ಜೀಪು ಹತ್ತಿದ್ರು.

ಆಸ್ಪತ್ರೆ ಗೇಟಿನಲ್ಲಿ ವಾಚ್‌ಮನ್‌ನನ್ನ ಮತ್ತೆ ಕೇಳಿದ್ರು. ಬೆಳಿಗ್ಗೆ ಅವನು, ಹೊರಗಿನವರು ಯಾರೂ ಬಂದಿಲ್ಲ ಅಂದಿದ್ದ. "ಟೈಲರ್?" ಅಂತ ಕೇಳಿದ್ದಕ್ಕೆ, "ಅವರು ಹೊರಗಿನವರಾ ಸಾರ್?" ಅಂದ. ಟೈಲರ್ ಬುಧವಾರ ಊಟದ ಹೊತ್ತಲ್ಲಿ ಒಂದ್ಸಲ ಕೋಟು ತಂದಿದ್ದ, ಸಂಜೆ ಇನ್ನೊಂದ್ಸಲ.

ಅಂಗಡಿ ತುಂಬಾ ಬಿಳಿ. ಗೋಡೆಗೆ ಬಿಳಿ ಕೋಟು, ಮೇಜಿನ ಮೇಲೆ ಬಿಳಿ ಥಾನು, ಮೆಷಿನ್ನಿಗೆ ಬಿಳಿ ದಾರ. ಇದ್ದಿದ್ದು ಒಂದೇ ಬಣ್ಣ, ಪಾರ್ಸಲ್ ಕಟ್ಟೋ ದಾರದ ಉಂಡೆ. ಇನ್‌ಸ್ಪೆಕ್ಟರ್ ಅದನ್ನ ಕೈಗೆ ತಗೊಂಡ್ರು.

"ಇದು ಯಾವ ಬಣ್ಣ?"

ಟೈಲರ್ ಕತ್ತರಿ ಕೆಳಗಿಟ್ಟ. "ಯಾಕೆ ಸಾರ್?"

"ಸುಮ್ಮನೆ ಹೇಳಿ."

"ಕೆಂಪು."

ದಫೇದಾರ ಹಸಿರು ಉಂಡೆ ನೋಡಿದ, ಟೈಲರ್ ಮುಖ ನೋಡಿದ.

"ಪಕ್ಕದಂಗಡಿಯವರನ್ನ ಕರೆದು ಕೇಳೋಣ್ವಾ?" ಅಂದ್ರು ಇನ್‌ಸ್ಪೆಕ್ಟರ್.

"ಬೇಡ." ಟೈಲರ್ ಸ್ಟೂಲಿನ ಮೇಲೆ ಕೂತ. "ಯಾರನ್ನೂ ಕರೀಬೇಡಿ."

"ಬುಧವಾರ ಮಧ್ಯಾಹ್ನ ಪುಸ್ತಕ ತಂದ್ರಿ. ಸಂಜೆ ವಾಪಸ್ ಇಟ್ರಿ."

"ನಾನ್ಯಾಕೆ ಸಾರ್..."

"ನೀವಲ್ಲ ಅಂದ್ರೆ ಸೋಮವಾರ ಎಲ್ಲಾ ಹುಡುಗನ ತಲೆಗೆ ಬರತ್ತೆ. ಅರ್ಜಿ ವಜಾ. ಆಮೇಲೆ ಅವನ ಮೇಲೂ ಕೇಸು."

ಟೈಲರ್ ಕೊರಳಲ್ಲಿದ್ದ ಟೇಪು ತೆಗೆದು ಸುತ್ತಿ ಮೇಜಿನ ಮೇಲಿಟ್ಟ. "ಅವನಿಗೆ ಗೊತ್ತಿಲ್ಲ. ನಾನೇ. ಕೋಟುಗಳ ಗಂಟಿನೊಳಗೆ ಸುತ್ಕೊಂಡು ಬಂದೆ. ಫೋಟೋ ತೆಗೆದೆ. ಬಿಚ್ಚೋವಾಗ ತುಂಡಾದ ಹಳೇ ದಾರ ಪಕ್ಕಕ್ಕಿಟ್ಟು ಹೋಲಿಸಿ ನೋಡೇ ಕಟ್ಟಿದ್ದು ಸಾರ್, ಎರಡೂ ಒಂದೇ ಇತ್ತು."

ಫೋನ್ ವಶಕ್ಕೆ ತಗೊಂಡ್ರು. ಎಲ್ಲಾ ಪುಟದ ಫೋಟೋ ಇತ್ತು. ಯಾರಿಗೂ ಕಳಿಸಿರ್ಲಿಲ್ಲ.

"ಹುಡುಗನಿಗೆ ಯಾಕೆ ಕೊಡ್ಲಿಲ್ಲ?"

"ಏನಂತ ಕೊಡ್ಲಿ? ಮೊದಲನೇ ಪುಟ ಓದಕ್ಕಾಯ್ತು. ಆಮೇಲೆ ಬರೀ ಚುಕ್ಕಿ. ಅಂಕಿ ಬರ್ಕೊಂಡು ಬಾಯಿಪಾಠ ಮಾಡಿಸೋಣ ಅಂತಿದ್ದೆ. ನನಗೇ ಕಾಣ್ಲಿಲ್ಲ."

"ಬೇರೆ ಯಾರಿಗಾದ್ರೂ ತೋರಿಸಬಹುದಿತ್ತು."

"ತೋರಿಸಿದ್ರೆ, ಯಾಕೆ, ನಿನಗೆ ಕಾಣಲ್ವಾ ಅಂತಿದ್ರು."

ದಫೇದಾರ ಮಹಜರಿಗೋಸ್ಕರ ಫೋಟೋ ಒಂದೊಂದೇ ಸರಿಸ್ತಾ ಗಟ್ಟಿಯಾಗಿ ಓದ್ತಿದ್ದ. "ಎರಡನೇದು, ಎಪ್ಪತ್ನಾಲ್ಕು. ಮೂರನೇದು, ಐದು."

ಟೈಲರ್ ಎದ್ದು ಬಂದು ಅವನ ಹೆಗಲ ಮೇಲಿಂದ ಬಗ್ಗಿ ನೋಡಿದ. "ಅದರಲ್ಲಿ ಐದಿದೆಯಾ?"

"ಇದೆ," ಅಂದ ದಫೇದಾರ. ಮುಂದಿನದನ್ನ ಮನಸಲ್ಲೇ ಓದ್ಕೊಂಡ.

ಐದೂಮುಕ್ಕಾಲಿಗೆ ಬಂಧನ. ಸ್ಟೇಷನ್ನಿನಲ್ಲಿ ಕೊಟ್ಟ ಹೇಳಿಕೆ ಒಂದೂವರೆ ಪುಟ ಆಯ್ತು. ಇಪ್ಪತ್ತರ ವಯಸ್ಸಲ್ಲಿ ಟೈಲರ್ ರೈಲು ಓಡಿಸೋ ಕೆಲಸಕ್ಕೆ ಹೋಗಿದ್ದ. ಬರೆಯೋ ಪರೀಕ್ಷೇಲಿ ಪಾಸಾಗಿ, ಕಣ್ಣಿನ ಕೋಣೇಲಿ ಬಿದ್ದು ಹೋದ. ಮನೆಗೆ ಬಂದು, ಆ ಕೆಲಸ ನನಗೆ ಹಿಡಿಸ್ಲಿಲ್ಲ ಅಂತ ಹೇಳಿದ. ಆಮೇಲೆ ಬಿಳಿ ಬಟ್ಟೆ ಹಿಡಿದ. ಅಕ್ಕನ ಮಗ ಚಿಕ್ಕವನಿದ್ದಾಗ ಒಂದ್ಸಲ ಶಾಲೆಯಿಂದ ಮರದ ಚಿತ್ರ ಬರ್ಕೊಂಡು ಬಂದಿದ್ದ. ಎಲೆಗೆಲ್ಲ ಕೆಂಪು ಬಳಿದಿದಾನೆ ಅಂತ ಮನೆಯವರೆಲ್ಲ ನಕ್ಕಿದ್ರು. "ಆ ಚಿತ್ರದಲ್ಲಿ ನನಗೊಂದು ತಪ್ಪೂ ಕಾಣ್ಲಿಲ್ಲ. ಅವತ್ತೇ ಗೊತ್ತಾಯ್ತು. ಹೇಳಿದ್ರೆ ನನ್ನದೂ ಹೇಳ್ಬೇಕಿತ್ತು, ಹೇಳ್ಲಿಲ್ಲ. ಇವನು ಈ ಕೋರ್ಸಿಗೆ ಸೇರೋವಾಗಲೂ ಹೇಳ್ಲಿಲ್ಲ," ಅಂತ ಹೇಳಿಕೆಯ ಕೊನೇಲಿತ್ತು.

ಈ ಕೃತ್ಯದಲ್ಲಿ ಅರ್ಜಿದಾರನ ಪಾತ್ರ ಇಲ್ಲ ಅಂತ ಕೋರ್ಟಿಗೆ ಕಳಿಸೋ ವರದಿಗೆ ಇನ್‌ಸ್ಪೆಕ್ಟರ್ ಸಹಿ ಹಾಕಿದ್ರು. ಇನ್ನೊಂದು ಪುಸ್ತಕ ಬರತ್ತೆ, ಇನ್ನೊಂದು ದಿನ ಗೊತ್ತಾಗತ್ತೆ, ಹುಡುಗ ಪರೀಕ್ಷೆಗೆ ಕೂರ್ತಾನೆ. ಅಲ್ಲೇನು ಕಾಣತ್ತೋ ಅದು ಪೊಲೀಸರ ಕೆಲಸ ಅಲ್ಲ.

ಬಾಕಿ ಇದ್ದಿದ್ದು ಬಂಧನದ ಸುದ್ದಿ ತಿಳಿಸೋದು. ಮನೆಯವರಲ್ಲಿ ಒಬ್ಬರಿಗೆ ತಿಳಿಸ್ಲೇಬೇಕು, ಕಾರಣ ಸಮೇತ.

"ಯಾರಿಗೆ ಫೋನ್ ಮಾಡ್ಲಿ? ಹೆಂಡತಿಗಾ?"

ಟೈಲರ್ ತಲೆ ಅಲ್ಲಾಡಿಸಿದ.

"ಅಕ್ಕನಿಗೆ?"

"ಬೇಡ ಸಾರ್." ಆಮೇಲೆ ತಾನಾಗೇ ಹೇಳಿದ, "ಹುಡುಗನಿಗೇ ಮಾಡಿ. ಅವನಿಗಾದ್ರೆ ಬಿಡಿಸಿ ಹೇಳ್ಬೇಕಾಗಿಲ್ಲ."