ವನಜಾಕ್ಷಿ ಮೇಡಂ ಬೋರ್ಡು

"ಲೇ ಚಿಕ್ಕಸ್ವಾಮಿ! ಬೋರ್ಡ್ ಬಿಸಾಕ್ಲಾ!"

ಬಿಸಾಕಲಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಬೋರ್ಡು ನನ್ನ ಬನಿಯನ್ನಿನೊಳಗಿತ್ತು. ಅದರ ಪಿನ್ನುಗಳು ಹೊಟ್ಟೆಗೆ ಚುಚ್ಚುತ್ತಿದ್ದವು. ಹಿಂದೆ ಮಹೇಂದ್ರನ ಹೊಸ ಬೈಕು. ಮುಂದೆ ನಂಜನಗೂಡಿನ ರಸ್ತೆ... ನಡುವೆ ನನ್ನ ಬೈಕು, ಗೇರ್ ಬದಲಿಸಿದರೆ ಮುನಿಸಿಕೊಳ್ಳುವಂಥದ್ದು!

ಎರಡು ಸಾವಿರದ ನಾಲ್ಕನೇ ಇಸವಿಯ ಮಾತು ಸ್ವಾಮಿ. ನಾನು ಪ್ರೈವೇಟ್ ಡಿಟೆಕ್ಟಿವ್. ಕಾರ್ಡಿನಲ್ಲಿ ಹಾಗೇ ಇದೆ. ಅಲ್ಲಿಯವರೆಗೆ ಹುಡುಕಿಕೊಟ್ಟದ್ದು ಒಂದೇ ಒಂದು ಎಮ್ಮೆ.

ಅದೂ ತಾನೇ ಮನೆಗೆ ಬಂದಿತ್ತು.

ಈ ಸಲದ ಕೇಸು ದೊಡ್ಡದು. ನಂಜನಗೂಡಿನ ಕಾಲೇಜೊಂದರ ವನಜಾಕ್ಷಿ ಮೇಡಂ ಅಂಗೈಯಗಲದ ಬೋರ್ಡು ತಯಾರಿಸಿದ್ದರು. ಕಂಪ್ಯೂಟರಿನಲ್ಲಿ ನಾಲ್ಕು ಸಾಲು ಬರೆದು ಕಳಿಸಿದರೆ ಅದು ಲೈಟು ಮಿಣುಕಿಸುತ್ತದೆ, ಮೋಟಾರು ತಿರುಗಿಸುತ್ತದೆ. ಏನೂ ಗೊತ್ತಿಲ್ಲದವರೂ ಕಲಿಯಬೇಕು ಎಂಬುದು ಅವರ ಆಸೆ. ಪೆಟ್ಟಿಗೆ ಮಾಡಿಸಲೆಂದು ಟಿ. ನರಸೀಪುರದ ಮಹೇಂದ್ರನ ಕಂಪ್ಯೂಟರ್ ಅಂಗಡಿಗೆ ಕೊಟ್ಟರು. ಆಸಾಮಿ ತನ್ನ ಹೆಸರಿನ ಸ್ಟಿಕ್ಕರ್ ಅಂಟಿಸಿ, ಬೋರ್ಡೇ ತನ್ನದು ಎಂದುಬಿಟ್ಟ! ಇವತ್ತು ಪ್ರಿನ್ಸಿಪಾಲರು ಯಾರನ್ನು ನಂಬುತ್ತಾರೋ ಅವರ ಹೆಸರಲ್ಲೇ ಅದು ಲ್ಯಾಬಿಗೆ ಬರುತ್ತದೆ. ಮೇಡಂ ಅತ್ತರು. ನಾನು ಟಫ್ ಮನುಷ್ಯ. ಆದರೂ ತಡೆಯಲಾಗಲಿಲ್ಲ. ಅದಕ್ಕೇ ಅವನ ಅಂಗಡಿಗೆ ನುಗ್ಗಿ ಎತ್ತಿಕೊಂಡು ಬಂದಿದ್ದೆ.

ಕಬ್ಬಿನ ಗದ್ದೆಯ ಕಡೆ ಬೈಕು ತಿರುಗಿಸಿದೆ. ನಾಲೆ ಕಾಣಿಸಲಿಲ್ಲ. ಬೈಕು ಏರಿಯ ಮೇಲೆ ನಿಂತಿತು.

ನಾನು ನಿಲ್ಲಲಿಲ್ಲ!

ಸೊಂಟದವರೆಗೆ ಕೆಸರು. ದಡದಲ್ಲಿ ಮೇಕೆ ಕಾಯುತ್ತಿದ್ದ ಮುದುಕಿಯೊಬ್ಬಳು ಬಗ್ಗಿ ನೋಡಿದಳು.

"ಮೀನ್ ಇಡೀತಿದ್ದೀಯೇನ್ಲಾ?"

"ಕಳ್ಳನ್ನ ಇಡೀತಿದ್ದೀನಿ ಕಣವ್ವ!"

"ಅವ್ನು ಆಗ್ಲೇ ರೋಡಲ್ಲಿ ಓದ್ನಲ್ಲೋ..."

ಕಾಲೇಜು ತಲುಪಿದಾಗ ಮಹೇಂದ್ರ ಪ್ರಿನ್ಸಿಪಾಲರ ಎದುರು ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

"ಇವ್ನೇ ಸಾ ಕಳ್ಳ! ಬೋರ್ಡು ನಂದು. ಅದ್ರ ಒಂದೊಂದ್ ಪಾರ್ಟೂ ನಂಗೊತ್ತು ಸಾ!"

"ನಾನು ಮಾಡಿದ್ದು ಸರ್," ಎಂದರು ಮೇಡಂ. ದನಿ ಸಣ್ಣದಾಗಿತ್ತು.

"ಮೊದ್ಲು ಓಡ್ತದಾ ನೋಡಣ," ಎಂದರು ಪ್ರಿನ್ಸಿಪಾಲರು.

ಕರೆಂಟು ಇರಲಿಲ್ಲ. ಇರುವುದು ಯಾವಾಗ ಹೇಳಿ? ನಾನು ಎದೆಯುಬ್ಬಿಸಿ ಹೋಗಿ ಬೈಕಿನ ಬ್ಯಾಟರಿ ಬಿಚ್ಚಿ ತಂದೆ. ಅದರ ಎರಡೂ ವೈರು ಕೆಂಪು. ರಿಪೇರಿ ಮಾಡಿದವನ ಹತ್ತಿರ ಅವತ್ತು ಕಪ್ಪು ವೈರು ಮುಗಿದಿತ್ತು. ಯಾವುದು ಪ್ಲಸ್ಸು, ಯಾವುದು ಮೈನಸ್ಸು ಆದರೇನು ಎಂದು ಬೋರ್ಡಿಗೆ ಸಿಕ್ಕಿಸಿದೆ.

ಮಹೇಂದ್ರ ಕಿರುಚಿದ.

"ಲೇ, ಉಲ್ಟಾ ಕೊಟ್ಟೆ ಕಣ್ಲಾ! ಸುಟ್ಟೋಯ್ತು! ಬೋರ್ಡೇ ಓಯ್ತು ಸಾ!"

ಮೇಡಂ ಪಟ್ಟ ಕಷ್ಟವನ್ನೆಲ್ಲ ನಾನೇ ಬೂದಿ ಮಾಡಿಬಿಟ್ಟೆನೇ?

ಮೇಡಂ ಕುರ್ಚಿಯಿಂದ ಏಳಲೂ ಇಲ್ಲ.

"ತಿರುಗಿಸಿ ಹಾಕಿ ಚಿಕ್ಕಸ್ವಾಮಿಯವರೇ."

ಹಾಕಿದೆ. ಪುಟ್ಟ ದೀಪ ಮಿಣುಕ್... ಮಿಣುಕ್!

"ಉಲ್ಟಾ ಕೊಟ್ರೆ ಕರೆಂಟ್ ಒಳಗೇ ಹೋಗಲ್ಲ ಸರ್. ಅದನ್ನ ತಡೆಯೋಕೇ ಒಂದು ಡಯೋಡ್ ಹಾಕಿದ್ದೀನಿ." ಈಗ ದನಿ ಸಣ್ಣದಾಗಿರಲಿಲ್ಲ.

ಪ್ರಿನ್ಸಿಪಾಲರು ಮಹೇಂದ್ರನತ್ತ ತಿರುಗಿದರು. "ಒಂದೊಂದ್ ಪಾರ್ಟೂ ಗೊತ್ತು ಅಂದ್ರಲ್ರೀ?"

ಮಹೇಂದ್ರ ಬೈಕಿನ ಕೀ ಹುಡುಕತೊಡಗಿದ.

"ಅಲ್ಲ ಮೇಡಂ, ಅಷ್ಟೊಂದು ದಡ್ರು ಯಾರಿರ್ತಾರೆ ಅಂತ ಆ ಡಯೋಡ್ ಹಾಕಿದ್ರಿ?" ಎಂದರು ಪ್ರಿನ್ಸಿಪಾಲರು.

ಮೇಡಂ, ಕಾರ್ಪೆಟ್ಟಿನ ಮೇಲೆ ಕೆಸರು ಸುರಿಸುತ್ತ ನಿಂತಿದ್ದ ನನ್ನ ಕಡೆ ಬೆರಳು ತೋರಿಸಿದರು.